ಮಲ್ಲೇಶ್ವರದ ಹಳೆಯ ಮನೆ: ಕೆಡವುವುದೋ, ಉಳಿಸಿಕೊಳ್ಳುವುದೋ?

ಪ್ರಶ್ನೆ:
ಬೆಂಗಳೂರಿನ ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ ನಮ್ಮ ತಾತ 1930ರ ದಶಕದಲ್ಲಿ ಕಟ್ಟಿಸಿದ ಮನೆಯಿದೆ. ಮುಂದೆ ಮಂಗಳೂರು ಹೆಂಚಿನ ಜಗಲಿ, ಒಳಗೆ ಕೆಂಪು ಗಾರೆಯ ನೆಲ, ನಡುಮನೆಯ ಮೇಲೆ ತೇಗದ ತೊಲೆಗಳ ಮದ್ರಾಸ್ ತಾರಸಿ, ಹಿತ್ತಲಲ್ಲಿ ಬಾವಿ. ಕೆಲವು ವರ್ಷಗಳ ಹಿಂದೆ ಮೇಸ್ತ್ರಿಯೊಬ್ಬರ ಮಾತು ಕೇಳಿ ಗೋಡೆಗಳಿಗೆ ಸಿಮೆಂಟ್ ಗಿಲಾವು ಮಾಡಿಸಿದೆವು. ಅಂದಿನಿಂದ ನೆಲದಿಂದ ಮೂರಡಿ ಎತ್ತರದವರೆಗೆ ಬಣ್ಣ ಉದುರಿ ಉಪ್ಪು ಮೂಡುತ್ತಿದೆ. ಮನೆಯ ಆಯುಸ್ಸು ಮುಗಿಯಿತು, ಬಿಲ್ಡರ್‌ಗೆ ಕೊಡೋಣ ಎಂಬುದು ಅಣ್ಣಂದಿರ ಅಭಿಪ್ರಾಯ. ಹೆಸರಾಂತರು ಯಾರೂ ಬಾಳದ ಇಂಥ ಮನೆಗೆ ಚರಿತ್ರೆಯ ಬೆಲೆಯೇನಾದರೂ ಇದೆಯೇ? ಗೋಡೆಗಳನ್ನು ಸರಿಪಡಿಸಲು ಸಾಧ್ಯವೇ?

ಉತ್ತರ 1:
ಕಾಡು ಮಲ್ಲೇಶ್ವರ ದೇವಸ್ಥಾನಕ್ಕೆ ಶಿವಾಜಿಯ ಮಲಸಹೋದರ ಏಕೋಜಿ ದತ್ತಿ ಬಿಟ್ಟ 1669ರ ಶಾಸನವಿದೆ. ಹದಿನೈದನೇ ಅಡ್ಡರಸ್ತೆಯಲ್ಲಿ ವಿಜ್ಞಾನಿ ಸಿ. ವಿ. ರಾಮನ್ ಅವರ ಮನೆ 'ಪಂಚವಟಿ' ಇದೆ. ಇವುಗಳ ಮಹತ್ವವನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಮಲ್ಲೇಶ್ವರದ ನಿಜವಾದ ಚರಿತ್ರೆ ಅದರ ಬೀದಿಗಳ ವಿನ್ಯಾಸದಲ್ಲಿದೆ ಎಂಬುದು ನನ್ನ ದೃಢವಾದ ನಂಬಿಕೆ. 1898ರಲ್ಲಿ ಪ್ಲೇಗು ಹಬ್ಬಿ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಜನ ಸಾಯತೊಡಗಿದ ಮೇಲೆ, ಗಾಳಿ ಬೆಳಕು ಧಾರಾಳವಾಗಿ ಆಡುವಂತೆ ಬೆಳೆಸಿದ ಬಡಾವಣೆಗಳು ಮಲ್ಲೇಶ್ವರ ಮತ್ತು ಬಸವನಗುಡಿ. ನೇರವಾದ ಅಡ್ಡರಸ್ತೆಗಳು, ಮನೆಗೂ ಬೀದಿಗೂ ನಡುವೆ ಬಿಟ್ಟ ಅಂಗಳ, ಮನೆಗಳ ಬೆನ್ನಿಗೆ ಮಲ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಓಣಿ, ಎಲ್ಲವೂ ಆರೋಗ್ಯದ ಚಿಂತೆಯಿಂದಲೇ ಹುಟ್ಟಿದವು. ಮಲ ಹೊರುತ್ತಿದ್ದವರು ಮುಂಬಾಗಿಲಿಗೆ ಬರಕೂಡದೆಂಬ ಅಂದಿನ ಸಮಾಜದ ಕ್ರೌರ್ಯವೂ ಆ ಓಣಿಯಲ್ಲಿದೆ. ಅದನ್ನು ಮರೆಯದೆ ನೆನೆಯಬೇಕು. ನಿಮ್ಮ ಮನೆಯಂಥವು ನಾಲ್ಕು ಬಿದ್ದರೆ ಅಂಗಳಗಳು ಹೋಗುತ್ತವೆ, ಅಂಗಳದ ಸಂಪಿಗೆ, ಮಾವು ಹೋಗುತ್ತವೆ, ಆಮೇಲೆ ಉಳಿಯುವುದು ರಸ್ತೆಯ ಹೆಸರು ಮಾತ್ರ.

ಉತ್ತರ 2:
ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ಕೆಲಸ ಮಾಡುವವನಾಗಿ ಹೇಳುತ್ತೇನೆ: ನೀವು ವಿವರಿಸಿದ ಲಕ್ಷಣ ಮುದಿತನದ್ದಲ್ಲ, ಸಿಮೆಂಟಿನದ್ದು. ಆ ಕಾಲದ ಸುಣ್ಣದ ಗಾರೆಯ ಗೋಡೆ ನೆಲದ ತೇವವನ್ನು ಹೀರಿ, ಸುಣ್ಣದ ಗಿಲಾವಿನ ಮೂಲಕ ಹೊರಗೆ ಬಿಡುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚುವುದರಿಂದ ತೇವ ಒಳಗೇ ನಿಂತು ಇಟ್ಟಿಗೆಯಲ್ಲಿನ ಉಪ್ಪನ್ನು ಮೇಲ್ಮೈಗೆ ತಳ್ಳುತ್ತದೆ. ಸಿಮೆಂಟ್ ಪದರವನ್ನು ಕೆತ್ತಿ ತೆಗೆದು, ಒಂದು ಬೇಸಿಗೆ ಗೋಡೆಯನ್ನು ಒಣಗಲು ಬಿಟ್ಟು, ಸುಣ್ಣ ಮತ್ತು ಮರಳಿನ ಗಿಲಾವು ಮಾಡಿಸಿ ಸುಣ್ಣವನ್ನೇ ಬಳಿಸಿರಿ. ಪ್ಲಾಸ್ಟಿಕ್ ಎಮಲ್ಷನ್ ಬಣ್ಣ ಬೇಡ. ಇದಕ್ಕಿಂತ ಮೊದಲು ತಾರಸಿಯನ್ನು ನೋಡಿಸಿರಿ. ಮದ್ರಾಸ್ ತಾರಸಿಯಲ್ಲಿ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ಜೋಡಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಪದರ ಹಾಕಿ, ಬೆಲ್ಲ ಮತ್ತು ಅಳಲೆಕಾಯಿಯ ನೀರು ಚಿಮುಕಿಸುತ್ತ ದಿನಗಟ್ಟಲೆ ಬಡಿಯುತ್ತಿದ್ದರು. ಸೋರಿಕೆಯೆಂದು ಅದರ ಮೇಲೂ ಸಿಮೆಂಟ್ ಹಾಕಿದ್ದರೆ ಭಾರ ಹೆಚ್ಚುತ್ತದೆ, ಗೋಡೆಯೊಳಗಿನ ತೊಲೆಯ ತುದಿಗಳು ಕೊಳೆಯುತ್ತವೆ. ಆ ತುದಿಗಳನ್ನು ತಟ್ಟಿ ನೋಡಿ. ಪೊಳ್ಳು ಸದ್ದು ಬರದಿದ್ದರೆ ಮನೆ ಇನ್ನೂ ಗಟ್ಟಿಯಾಗಿದೆ ಎನ್ನಲು ಒಳ್ಳೆಯ ಆಧಾರ ಸಿಕ್ಕಂತೆ.

ಉತ್ತರ 3:
ಅಣ್ಣಂದಿರ ಮೇಲೆ ಕೋಪ ಬೇಡ. ಇಲ್ಲಿ ಮನೆ ಕಟ್ಟಿಸಿದವರಲ್ಲಿ ಬಹಳಷ್ಟು ಮಂದಿ ಗುಮಾಸ್ತರು, ಮೇಷ್ಟ್ರುಗಳು. ಇಂದಿನ ಸಿರಿವಂತಿಕೆ ನೆಲದ ಬೆಲೆಯದು, ಕುಟುಂಬದ ಗಳಿಕೆಯದಲ್ಲ. ಸರ್ಕಾರ ಸಂರಕ್ಷಿತವೆಂದು ಘೋಷಿಸದ ಖಾಸಗಿ ಮನೆಗೆ 1961ರ ರಾಜ್ಯದ ಸ್ಮಾರಕ ಕಾಯ್ದೆಯ ಆಸರೆಯೂ ಇಲ್ಲ, ಆದ್ದರಿಂದ ತೀರ್ಮಾನ ಮನೆಯವರದೇ. ಮುಂದಿನ ಎರಡು ಕೋಣೆಗಳನ್ನು ಸಂಗೀತ ಪಾಠಕ್ಕೋ ಕಚೇರಿಗೋ ಬಾಡಿಗೆಗೆ ಕೊಟ್ಟು, ಬಂದ ಹಣವನ್ನು ದುರಸ್ತಿಗೆ ಮೀಸಲಿಡುವ ಲೆಕ್ಕವನ್ನು ಅವರ ಮುಂದಿಡಿ.

ಪ್ರಶ್ನೆ ಕೇಳಿದವರು:
ಇಂದು ಬೆಳಿಗ್ಗೆ ಏಣಿ ಹಾಕಿ ಹನ್ನೊಂದು ತೊಲೆಗಳನ್ನೂ ತಟ್ಟಿ ನೋಡಿದೆ. ಬಚ್ಚಲಿನ ಪಕ್ಕದ ಒಂದು ಮಾತ್ರ ಪೊಳ್ಳು. ದೊಡ್ಡಣ್ಣ ಕೆಳಗೆ ಏಣಿ ಹಿಡಿದು ನಿಂತಿದ್ದರು. ಬೇಸಿಗೆಯವರೆಗೆ ಕಾಯಲು ಒಪ್ಪಿದ್ದಾರೆ.