ಎಡ, ಬಲ ಅಂದ್ರೆ ನಿಜವಾಗಿ ಏನು? ತಿಳಿದವರು ಹೇಳಿ

ಪ್ರಶ್ನೆ

ಒಂದೇ ವಾರದಲ್ಲಿ ಒಬ್ಬರು ನನ್ನನ್ನು ಎಡಪಂಥೀಯ ಅಂದರು, ಇನ್ನೊಬ್ಬರು ಬಲಪಂಥೀಯ ಅಂದರು. ನಾನು ಹೇಳಿದ್ದು ಎರಡೇ ಮಾತು. ಬಡವರ ಆಸ್ಪತ್ರೆ ಖರ್ಚು ಸರ್ಕಾರ ನೋಡಿಕೊಳ್ಳಬೇಕು, ಹಳೆಯ ಪದ್ಧತಿಗಳನ್ನು ಸುಮ್ನೆ ಕಿತ್ತು ಹಾಕಬಾರದು. ಇವೆರಡೂ ಒಂದೇ ತಲೆಯಲ್ಲಿ ಇರಬಾರದಾ?

ಉತ್ತರ 1

ಇದು ಶುರುವಾಗಿದ್ದು ಕುರ್ಚಿಗಳಿಂದ. 1789ರಲ್ಲಿ ಫ್ರಾನ್ಸ್‌ನ ರಾಷ್ಟ್ರೀಯ ಸಭೆಯಲ್ಲಿ, ಸಭೆ ಒಪ್ಪಿದ ಕಾನೂನನ್ನು ತಡೆಯುವ ಅಧಿಕಾರ ರಾಜನಿಗೆ ಇರಬೇಕಾ ಬೇಡವಾ ಅಂತ ದೊಡ್ಡ ಜಗಳ ನಡೆಯಿತು. ಇರಬೇಕು ಅಂದವರು ಅಧ್ಯಕ್ಷರ ಬಲಕ್ಕೆ ಸೇರಿಕೊಂಡರು, ಬೇಡ ಅಂದವರು ಎಡಕ್ಕೆ. ಆ ಸಭೆಯಲ್ಲೇ ಇದ್ದ ಗೋವಿಲ್ ಅನ್ನುವ ಬ್ಯಾರನ್ (ಕುಲೀನ ಮನೆತನದವನು) ಇದನ್ನು ಬರೆದಿಟ್ಟಿದ್ದಾನೆ: ಎದುರು ಪಾಳಯದ ಕೂಗಾಟ, ಬೈಗುಳದಿಂದ ದೂರ ಇರೋಣ ಅಂತ ರಾಜನ ಕಡೆಯವರು ಬಲಕ್ಕೆ ಹೋದರಂತೆ. ಬೇರೆ ಬೇರೆ ಕೂತ ಮೇಲೆ ಯಾರು ಯಾರ ಕಡೆ ಅನ್ನೋದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

ಉತ್ತರ 2

ಕಥೆ ಸರಿ, ಆದರೆ ಅರ್ಥ ಅಲ್ಲೇ ನಿಂತಿಲ್ಲ. ಮೇಲು ಕೀಳು ಕಡಿಮೆ ಆಗಬೇಕು, ಅದಕ್ಕೆ ವ್ಯವಸ್ಥೆ ಬದಲಾದರೂ ಸರಿ ಅನ್ನೋದು ಎಡ. ಇರುವ ಕ್ರಮಕ್ಕೆ ಬೆಲೆ ಇದೆ, ಅವಸರದಲ್ಲಿ ಕೆಡವಬೇಡಿ ಅನ್ನೋದು ಬಲ. ನಾನು ಇಷ್ಟನ್ನೇ ಇಟ್ಟುಕೊಂಡಿದ್ದೇನೆ.

ಉತ್ತರ 3

ಅಷ್ಟು ಸುಲಭವಾಗಿ ಮುಗಿಯಲ್ಲ. ಮುಕ್ತ ವ್ಯಾಪಾರ ಅಂದರೆ ಇವತ್ತು ಬಲ ಅಂತೀವಿ ಅಲ್ವಾ? ಅದಕ್ಕಾಗಿ ಗಟ್ಟಿಯಾಗಿ ವಾದಿಸಿದ ಅರ್ಥಶಾಸ್ತ್ರದ ಲೇಖಕ ಬಾಸ್ತಿಯಾ 1848ರ ನಂತರ ಫ್ರಾನ್ಸ್‌ನ ಸಭೆಯಲ್ಲಿ ಕೂತಿದ್ದು ಎಡಕ್ಕೆ. ಕೆಲಸಗಾರರಿಗೆ 1883ರಲ್ಲಿ ಆರೋಗ್ಯ ವಿಮೆ, 1889ರಲ್ಲಿ ಮುಪ್ಪಿನ ಪಿಂಚಣಿ ತಂದ ಜರ್ಮನಿಯ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಬಿಸ್ಮಾರ್ಕ್ ಸಮಾಜವಾದಿಗಳ ಕಡು ವಿರೋಧಿ, ರಾಜನ ಪರ. ಕೆಲಸಗಾರರು ಸಮಾಜವಾದಿಗಳ ಕಡೆ ವಾಲದಿರಲಿ ಅನ್ನೋದು ಅವನ ಒಂದು ಲೆಕ್ಕ.

ಅಂದರೆ ನಿಮ್ಮ ಎರಡು ಮಾತು ಒಂದೇ ತಲೆಯಲ್ಲಿ ಇರೋದು ಹೊಸದೇನಲ್ಲ. ದುಡ್ಡಿನ ವಿಷಯಕ್ಕೆ ಒಂದು ಗೆರೆ, ಪದ್ಧತಿ ಮತ್ತು ಅಧಿಕಾರದ ವಿಷಯಕ್ಕೆ ಇನ್ನೊಂದು ಗೆರೆ ಎಳೆಯಿರಿ. ಒಂದರಲ್ಲಿ ನೀವು ಎಡಕ್ಕಿದ್ದೀರಿ, ಇನ್ನೊಂದರಲ್ಲಿ ಬಲಕ್ಕೆ. ನನಗೆ ಬೇಜಾರಾಗೋದು ಎಲ್ಲಿ ಅಂದರೆ, ಜನ ಮೊದಲು ಹಣೆಪಟ್ಟಿ ಅಂಟಿಸುತ್ತಾರೆ, ಆಮೇಲೆ ಎದುರಿನವರ ಮಾತು ಕೇಳೋದನ್ನೇ ಬಿಡುತ್ತಾರೆ. ಇನ್ನು ಮುಂದೆ ಯಾರಾದರೂ ಹಾಗಂದರೆ "ಯಾವ ವಿಷಯದಲ್ಲಿ?" ಅಂತ ಕೇಳಿ.

ಪ್ರಶ್ನೆ ಕೇಳಿದವರು

ಬಿಸ್ಮಾರ್ಕ್ ವಿಷಯ ಗೊತ್ತೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಆ ಇಬ್ಬರಿಗೂ ಇವತ್ತೇ ಕೇಳುತ್ತೇನೆ. ಅಂದ ಹಾಗೆ, ರಾಜನ ಆ ಜಗಳ ಕೊನೆಗೆ ಏನಾಯಿತು?

ಉತ್ತರ 1

ನಡುದಾರಿ ಹಿಡಿದರು. ರಾಜ ಕಾನೂನನ್ನು ಸ್ವಲ್ಪ ಕಾಲ ತಡೆಹಿಡಿಯಬಹುದು, ಪೂರ್ತಿ ನಿಲ್ಲಿಸುವ ಹಾಗಿಲ್ಲ ಅಂತ ಆಯಿತು.