ಅಂಬಾಸಡರ್ ಮೀಟರ್ ಕೇಬಲ್ ಒಂದೇ ವರ್ಷದಲ್ಲಿ ಮೂರನೇ ಸಲ ಹೋಯಿತು, ಸರಿಯಾದದ್ದನ್ನು ಗುರುತಿಸೋದು ಹೇಗೆ?

ಹಾಸನ_ಮಾರ್ಕ್3

ಎಲ್ಲರಿಗೂ ನಮಸ್ಕಾರ. ನಮ್ಮದು 1978ರ ಅಂಬಾಸಡರ್ ಮಾರ್ಕ್ 3, 1489 ಸಿಸಿ ಪೆಟ್ರೋಲ್ ಇಂಜಿನ್, ನಾಲ್ಕು ಗೇರ್. ಅಪ್ಪ ತಗೊಂಡ ಗಾಡಿ. ಇವತ್ತಿಗೂ ವಾರಕ್ಕೆ ಎರಡು ಸಲ ಹೊರಗೆ ತೆಗೆಯುತ್ತೇವೆ. ಆದರೆ ಗೇರ್ ಬಾಕ್ಸ್‌ನಿಂದ ಸ್ಪೀಡೋಮೀಟರ್ ತಿರುಗಿಸುವ ಕೇಬಲ್ ಒಂದು ವರ್ಷದಲ್ಲಿ ಮೂರು ಸಲ ಹೋಗಿದೆ. ಮೊದಲನೆಯದು ಚನ್ನರಾಯಪಟ್ಟಣ ದಾಟುವಾಗ ಡ್ಯಾಶ್‌ಬೋರ್ಡ್ ಹಿಂದೆ ಟಿಕ್ ಟಿಕ್ ಅಂತ ಸದ್ದು ಮಾಡಿ ಕಟ್ ಆಯಿತು. ಎರಡನೆಯದು ಹಾಕಿದ ದಿನದಿಂದಲೇ ಮುಳ್ಳು 40ಕ್ಕೂ 70ಕ್ಕೂ ಓಲಾಡುತ್ತಿತ್ತು, ಎರಡು ತಿಂಗಳಿಗೆ ಅದೂ ಹೋಯಿತು.

ಮೂರನೆಯದಕ್ಕೆ ಬೆಂಗಳೂರಿನ ಜೆ.ಸಿ. ರೋಡಿಗೆ ನಾನೇ ಹೋದೆ. ಅಂಗಡಿಯವರು ಕೌಂಟರ್ ಮೇಲೆ ಮೂರು ಕೇಬಲ್ ಇಟ್ಟರು, ಮೂರೂ ಅಂಬಾಸಡರ್‌ದೇ ಅಂತೆ, ಉದ್ದ ಬೇರೆ ಬೇರೆ, ಒಂದರ ನಟ್ ಕೂಡ ಬೇರೆ. ಹಳೇದನ್ನು ತಗೊಂಡು ಹೋಗಿರಲಿಲ್ಲ, ಹಾಗಾಗಿ ಕಣ್ಣಂದಾಜಿನಲ್ಲಿ ಒಂದನ್ನು ತಂದೆ. ಮನೆಗೆ ಬಂದು ಹಳೇದರ ಪಕ್ಕ ಇಟ್ಟು ನೋಡಿದರೆ ಒಂದು ಗೇಣು ಜಾಸ್ತಿ ಉದ್ದ. ಮೆಕ್ಯಾನಿಕ್ ಅದನ್ನೇ ಸುರುಳಿ ಸುತ್ತಿ ಮೀಟರ್ ಹಿಂದೆ ತುರುಕಿದರು. ಅದು ಕಳೆದ ವಾರ ಹೋಯಿತು.

ಇನ್ನೊಂದು ವಿಷಯ, ಕೇಬಲ್ ಚೆನ್ನಾಗಿದ್ದಾಗಲೂ ಫೋನಿನ ಜಿಪಿಎಸ್ 60 ಅಂದರೆ ಮೀಟರ್ 72 ತೋರಿಸುತ್ತಿತ್ತು. ತಪ್ಪು ಕೇಬಲ್ ಹಾಕಿದ್ದಕ್ಕೇ ಹೀಗಾ?

ಅಪ್ಪ ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗ ಕಿಲೋಮೀಟರ್, ಲೀಟರ್ ಎರಡನ್ನೂ ಪುಸ್ತಕದಲ್ಲಿ ಬರೆಯುತ್ತಾರೆ, ಗಾಡಿ ಮನೆಗೆ ಬಂದ ದಿನದಿಂದ. ಈಗ ಕಿಲೋಮೀಟರ್ ಜಾಗವನ್ನು ಖಾಲಿ ಬಿಟ್ಟು ಪುಸ್ತಕ ಮುಚ್ಚಿಡುತ್ತಾರೆ. ಅದನ್ನು ನೋಡೋಕೆ ಆಗುತ್ತಿಲ್ಲ. ದಯವಿಟ್ಟು ತಿಳಿದವರು ಹೇಳಿ.

ಮೈಸೂರು_ಸ್ಪ್ಯಾನರ್

ಸರ್, ನಾಲ್ಕನೇ ಕೇಬಲ್ ತರುವ ಮುಂಚೆ ಮೀಟರನ್ನು ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿ. ಕೇಬಲ್ ಒಳಗೆ ತಿರುಗುವ ತಂತಿಯೇ ಇನ್ನರ್, ಹೊರಗಿನ ಕವಚ ಔಟರ್. ಮುರಿದ ಇನ್ನರ್‌ನ ಚೌಕ ತುದಿಯನ್ನು ನಾಲ್ಕು ಬೆರಳಿನಷ್ಟು ಕತ್ತರಿಸಿಕೊಳ್ಳಿ, ಮೀಟರ್ ಹಿಂದಿನ ತೂತಿಗೆ ಕೊಟ್ಟು ಬೆರಳಲ್ಲಿ ಹೊರಳಿಸಿ. ಸರಾಗವಾಗಿ ತಿರುಗಬೇಕು. ಎಲ್ಲಾದರೂ ಹಿಡಿದು ಹಿಡಿದು ಬಿಟ್ಟರೆ ಒಳಗಿನ ಬುಷ್ ಒಣಗಿದೆ ಅಂತ ಅರ್ಥ, ಆಮೇಲೆ ಎಂಥ ಕೇಬಲ್ ಹಾಕಿದರೂ ಉಳಿಯಲ್ಲ. ಹೊಲಿಗೆ ಮಿಷನ್ ಎಣ್ಣೆ ಒಂದೇ ಒಂದು ಹನಿ ಬಿಡಿ. ಗ್ರೀಸ್ ಬೇಡವೇ ಬೇಡ.

ಮುರಿದ ತುಂಡುಗಳನ್ನು ಎಸೆದಿಲ್ಲ ತಾನೇ? ತಂತಿ ಜಡೆ ಬಿಚ್ಚಿದ ಹಾಗೆ ಎಳೆ ಎಳೆ ಆಗಿದ್ದರೆ ಮೀಟರ್ ಬಿಗಿ ಇರಬೇಕು. ಬಾಗಿದ ಜಾಗದಲ್ಲೇ ತುಂಡಾಗಿದ್ದರೆ ಕೇಬಲ್ ಎಳೆದ ದಾರಿ ಸರಿಯಿಲ್ಲ. ಚೌಕ ತುದಿ ಸವೆದು ದುಂಡಗಾಗಿದ್ದರೆ ಇನ್ನರ್ ಗಿಡ್ಡ, ತೂತಿನೊಳಗೆ ಪೂರ್ತಿ ಕೂತಿರಲಿಲ್ಲ. ಈ ಗಿಡ್ಡ ಉದ್ದದ ವಿಷಯದಲ್ಲಿ ಅಂದಾಜು ನಡೆಯಲ್ಲ. ಇನ್ನರನ್ನು ಗೇರ್ ಬಾಕ್ಸ್ ಕಡೆ ಪೂರ್ತಿ ಕೂರಿಸಿದ ಮೇಲೆ ಮೀಟರ್ ಕಡೆ ಔಟರ್‌ನಿಂದ 10 ಮಿ.ಮೀ. ಹೊರಗೆ ಚಾಚಿರಬೇಕು. ಹಳೆಯ ಬ್ರಿಟಿಷ್ ಮ್ಯಾನುಯಲ್‌ಗಳಲ್ಲಿ 3/8 ಇಂಚು ಅಂತ ಕೊಟ್ಟಿರುತ್ತಾರೆ, ನಮ್ಮ ಅಂಬಾಸಡರ್ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಅಲ್ವಾ, ಅದೇ ಲೆಕ್ಕ ಸಾಕು. ಜಾಸ್ತಿ ಚಾಚಿದರೆ ನಟ್ ಬಿಗಿದಾಗ ಅದು ಮೀಟರಿನ ಒಳಭಾಗವನ್ನೇ ಒತ್ತಿ ಹಾಳು ಮಾಡುತ್ತೆ.

ಸುರುಳಿ ಸುತ್ತಿ ತುರುಕಿದ್ದು ದೊಡ್ಡ ತಪ್ಪು. ಕೇಬಲ್ ಎಲ್ಲೇ ಬಾಗಿದರೂ ಆ ಬಳಸು ದೋಸೆ ಕಾವಲಿಯಷ್ಟು ಅಗಲ ಇರಬೇಕು, ಅಂದರೆ ಮಧ್ಯದಿಂದ ಅಂಚಿಗೆ ಕನಿಷ್ಠ 6 ಇಂಚು. ಎರಡೂ ತುದಿಯಲ್ಲಿ ಕೊನೆಯ 2 ಇಂಚು ನೇರವಾಗಿರಲಿ. ಇನ್ನರ್‌ಗೆ ತೆಳ್ಳಗೆ ಗ್ರೀಸ್ ಸವರಿ, ಮೀಟರ್ ಕಡೆಯ 8 ಇಂಚು ಮಾತ್ರ ಬಟ್ಟೆಯಲ್ಲಿ ಒರೆಸಿಬಿಡಿ. ಇಲ್ಲದಿದ್ದರೆ ತಂತಿ ತಿರುಗುತ್ತಾ ಗ್ರೀಸನ್ನು ಮೇಲಕ್ಕೆ ಒಯ್ದು ಮೀಟರ್ ಒಳಗೆ ಸುರಿಯುತ್ತೆ. ಕೇಬಲ್ ಬಿಚ್ಚಿದಾಗ ಗೇರ್ ಆಯಿಲ್ ವಾಸನೆ ಬಂದರೆ ಗೇರ್ ಬಾಕ್ಸ್ ಕಡೆಯ ಸೀಲ್ ಕೂಡ ಬದಲಾಯಿಸಿ.

ತಿಪಟೂರು_ತೋಟ

ಉದ್ದ ಅಳೆಯೋಕೆ ನಾನು ಮಾಡಿದ್ದು ಹೇಳುತ್ತೇನೆ. ದಾರ ಹಿಡಿದು ಅಳೆದರೆ ಮೋಸ, ದಾರ ಎಲ್ಲಿ ಬೇಕಾದರೂ ಮಡಚುತ್ತೆ. ತೋಟದಲ್ಲಿ ಬಿದ್ದಿದ್ದ ಡ್ರಿಪ್ ಪೈಪ್ ತುಂಡನ್ನು ಗೇರ್ ಬಾಕ್ಸ್‌ನಿಂದ ಮೀಟರ್ ತನಕ ಕೇಬಲ್ ಹೋಗುವ ದಾರಿಯಲ್ಲೇ ಎಳೆದೆ. ಅದು ಕೇಬಲ್ ಹಾಗೇ ಸೆಟೆದುಕೊಂಡಿರುತ್ತೆ, ಜಾಸ್ತಿ ಬಗ್ಗಿಸಿದರೆ ಮಡಚಿ ಬಿಳಿ ಗೆರೆ ಬೀಳುತ್ತೆ, ಅಲ್ಲಿ ಕೇಬಲ್ಲೂ ಮುರಿಯುತ್ತೆ ಅಂತ ಮುಂಚೆಯೇ ಗೊತ್ತಾಗುತ್ತೆ. ಸೈಲೆನ್ಸರ್ ಪೈಪಿನಿಂದ ದೂರ ಇಟ್ಟು, ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಒಳಗಿಂದಲೇ ತಂದು, ಗುರುತು ಹಾಕಿ ಕತ್ತರಿಸಿ ಆ ಪೈಪನ್ನೇ ಅಂಗಡಿಗೆ ಒಯ್ದೆ.

ಅಂಗಡಿಯಲ್ಲಿ ಸುಮ್ನೆ ಅಂಬಾಸಡರ್ ಕೇಬಲ್ ಅಂತ ಕೇಳಬೇಡಿ. 1489 ಪೆಟ್ರೋಲ್, ನಾಲ್ಕು ಗೇರ್, ಮಾರ್ಕ್ 3 ಅಂತ ಹೇಳಿ. ತೊಂಬತ್ತರ ದಶಕದ 1.8 ಇಸುಜು ಗಾಡಿಯ ಐದು ಗೇರ್ ಬಾಕ್ಸೇ ಬೇರೆ. ಹಳೆ ಕೇಬಲ್‌ನ ಎರಡೂ ನಟ್ ಒಯ್ದು ಥ್ರೆಡ್ ಕೂರಿಸಿ ನೋಡಿ, ಇನ್ನರ್‌ನ ಚೌಕವನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ರೆಡಿಮೇಡ್ ಸಿಗದಿದ್ದರೆ ಅಳತೆಗೆ ಮಾಡಿಕೊಡುವವರ ಹತ್ತಿರ ಮಾಡಿಸಿ. ಹಾಕುವಾಗ ನಟ್ ಕೈಯಲ್ಲೇ ಕೊನೆತನಕ ಹೋಗಬೇಕು. ಹೋಗದಿದ್ದರೆ ಚೌಕ ಕೂತಿಲ್ಲ ಅಂತ ಅರ್ಥ, ಗಾಡಿಯನ್ನು ಒಂಚೂರು ತಳ್ಳಿ ಮತ್ತೆ ನೋಡಿ, ಪ್ಲೈಯರ್ ಹಾಕಬೇಡಿ.

ಲೆಕ್ಕ_ಸರಿ

60ಕ್ಕೆ 72 ತೋರಿಸೋದು ಕೇಬಲ್ ತಪ್ಪಲ್ಲ. ಇದನ್ನು ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಕೇಬಲ್ ಉದ್ದ ಇರಲಿ ಗಿಡ್ಡ ಇರಲಿ, ಆ ಕಡೆ ಒಂದು ಸುತ್ತು ತಿರುಗಿದರೆ ಈ ಕಡೆಯೂ ಒಂದೇ ಸುತ್ತು. ಮೀಟರ್ ಒಳಗೆ ಅದು ಒಂದು ಅಯಸ್ಕಾಂತವನ್ನು ತಿರುಗಿಸುತ್ತೆ. ಅಯಸ್ಕಾಂತ ಅಲ್ಯೂಮಿನಿಯಂ ಬಟ್ಟಲನ್ನು ಮುಟ್ಟದೆಯೇ ಜೊತೆಗೆ ಎಳೆಯುತ್ತೆ, ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ತಡೆಯುತ್ತೆ, ಬಟ್ಟಲಿಗೆ ಅಂಟಿಕೊಂಡ ಮುಳ್ಳು ಎಷ್ಟು ಸರಿಯಿತೋ ಅದೇ ವೇಗ. ಜರ್ಮನಿಯ ಒಟ್ಟೊ ಶುಲ್ಜೆ 1902ರಲ್ಲಿ ಪೇಟೆಂಟ್ ಮಾಡಿದ ಉಪಾಯ, ಎಷ್ಟು ಚೆಂದ ನೋಡಿ! ಕೇಬಲ್ ಸಿಕ್ಕಿ ಸಿಕ್ಕಿ ತಿರುಗಿದರೆ ಮುಳ್ಳು ಓಲಾಡುತ್ತೆ. ಮುಳ್ಳು ನೆಟ್ಟಗಿದ್ದು ಯಾವಾಗಲೂ ಒಂದೇ ಪ್ರಮಾಣದಲ್ಲಿ ಜಾಸ್ತಿ ತೋರಿಸಿದರೆ ಗೇರ್ ಬಾಕ್ಸ್‌ಗೂ ಮೀಟರ್‌ಗೂ ಜೋಡಿ ಹೊಂದಿಲ್ಲ ಅಂತ. ಟಯರ್ ಸೈಜ್ ಬದಲಾದರೂ ಸ್ವಲ್ಪ ವ್ಯತ್ಯಾಸ ಬರುತ್ತೆ, ಆದರೆ ನಿಮ್ಮದು 20% ಇದೆ.

ಹೀಗೆ ಪರೀಕ್ಷೆ ಮಾಡಿ. ಕೇಬಲ್ಲನ್ನು ಮೀಟರ್ ಕಡೆ ಬಿಚ್ಚಿ, ಇನ್ನರ್ ತುದಿಗೆ ಕಾಗದದ ಚೂರು ಅಂಟಿಸಿ. ಸಮ ನೆಲದಲ್ಲಿ 20 ಮೀಟರ್ ಸೀಮೆಸುಣ್ಣದಲ್ಲಿ ಗುರುತು ಮಾಡಿ, ನ್ಯೂಟ್ರಲ್‌ನಲ್ಲಿ ನೇರ ತಳ್ಳಿ, ಕಾಗದ ಎಷ್ಟು ಸುತ್ತು ಬಂತು ಎಣಿಸಿ 50ರಿಂದ ಗುಣಿಸಿ. ಕಿಲೋಮೀಟರಿಗೆ ನಿಮ್ಮ ಗಾಡಿ ಕೊಡುವ ಸುತ್ತು ಅದು. ಮೀಟರ್ ಎಷ್ಟು ಕೇಳುತ್ತೆ ಅನ್ನೋದು ಕೆಲವು ಹಳೆ ಸ್ಮಿತ್ಸ್ ಮೀಟರುಗಳ ಮುಖದ ಮೇಲೆ ಸಣ್ಣಗೆ ಬರೆದಿರುತ್ತೆ, 1280 ಅಂತ ಇದ್ದರೆ ಮೈಲಿಗೆ 1280 ಸುತ್ತು, ಅಂದರೆ ಕಿಲೋಮೀಟರಿಗೆ ಸುಮಾರು 795. ಬರೆದಿಲ್ಲದಿದ್ದರೆ ಮೀಟರನ್ನು ಕೈಯಲ್ಲಿ ತಿರುಗಿಸಿ ಕಿಲೋಮೀಟರ್ ಅಂಕಿ ಒಂದು ಮುಂದೆ ಹೋಗುವ ತನಕ ಎಣಿಸಿ. ತಾಳ್ಮೆ ಬೇಕು.

ಹಾಸನ_ಮಾರ್ಕ್3

ಮೂವರಿಗೂ ತುಂಬಾ ಧನ್ಯವಾದ. ಭಾನುವಾರ ಪೂರ್ತಿ ಇದೇ ಕೆಲಸ. ಸ್ಪ್ಯಾನರ್ ಅಣ್ಣ, ನೀವು ಹೇಳಿದ್ದು ಸರಿ, ಮೀಟರ್ ಪ್ರತಿ ಸುತ್ತಿನಲ್ಲೂ ಒಂದು ಕಡೆ ಹಿಡಿಯುತ್ತಿತ್ತು. ಮೊದಲ ಎರಡು ಕೇಬಲ್ ಜಡೆ ಬಿಚ್ಚಿದ ಹಾಗೆಯೇ ಇವೆ, ಮೂರನೆಯದು ಸುರುಳಿಯಲ್ಲೇ ತುಂಡಾಗಿದೆ. ಎಣ್ಣೆ ಬಿಟ್ಟ ಮೇಲೆ ಮೀಟರ್ ಹಗುರ ಆಯಿತು. ಡ್ರಿಪ್ ಪೈಪ್ ಅಳತೆಗೆ ಕೇಬಲ್ ಮಾಡಿಸಿ ಹಾಕಿದೆ. ಸಕಲೇಶಪುರದ ತನಕ ಹೋಗಿ ಬಂದೆವು, ಮುಳ್ಳು ಅಲ್ಲಾಡಲಿಲ್ಲ.

ಇನ್ನು ಲೆಕ್ಕ. ನಾನು, ತಮ್ಮ ಇಬ್ಬರೂ 20 ಮೀಟರ್ ತಳ್ಳಿದೆವು, ಅಪ್ಪ ಒಳಗೆ ಕೂತು ಕಾಗದ ಎಣಿಸಿದರು. ಮೂರು ಸಲವೂ 19 ಸುತ್ತು, ಅಂದರೆ ಕಿಲೋಮೀಟರಿಗೆ 950. ಮೀಟರ್ ಕೇಳೋದು 790ರ ಆಸುಪಾಸು. ಭಾಗಿಸಿದರೆ 1.2 ಬರುತ್ತೆ, ಅದೇ 60ಕ್ಕೆ 72.

ಹಾಗಾದರೆ ಕಿಲೋಮೀಟರ್ ಕೂಡ ಜಾಸ್ತಿ ಓಡಿರಬೇಕಲ್ಲ ಅಂತ ಅಪ್ಪನೇ ಪುಸ್ತಕ ತೆಗೆದರು. 2017ರ ಜೂನ್ ತನಕ ಲೀಟರಿಗೆ 10ರ ಹತ್ತಿರ ಹತ್ತಿರ. ಜುಲೈಯಿಂದ ಇದ್ದಕ್ಕಿದ್ದ ಹಾಗೆ 12. ಪಕ್ಕದಲ್ಲಿ ಅವರದೇ ಅಕ್ಷರದಲ್ಲಿ 'ಮೀಟರ್ ರಿಪೇರಿ' ಅಂತ ಇದೆ. ಅವತ್ತು ರಿಪೇರಿ ಮಾಡಿರಲಿಲ್ಲ, ಬೇರೆ ಗಾಡಿಯ ಮೀಟರ್ ಕೂರಿಸಿ ಕಳಿಸಿದ್ದಾರೆ. ಹೊಸ ಕಾರ್ಬುರೇಟರ್ ಜೆಟ್‌ನಿಂದ ಮೈಲೇಜ್ ಜಾಸ್ತಿ ಆಯಿತು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆವು.

950 ಸುತ್ತಿಗೆ ಹೊಂದುವ ಮಾರ್ಕ್ 3 ಮೀಟರ್ ಯಾರ ಹತ್ತಿರವಾದರೂ ಇದ್ದರೆ ಇಲ್ಲೇ ತಿಳಿಸಿ. ಅಪ್ಪ ಜುಲೈ 2017ರಿಂದ ಈಚೆಗಿನ ಒಂದೊಂದೇ ಸಾಲನ್ನು 1.2ರಿಂದ ಭಾಗಿಸಿ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಬರೆಯುತ್ತಾ ಕೂತಿದ್ದಾರೆ. ಈಗ 2019ಕ್ಕೆ ಬಂದಿದ್ದಾರೆ.