ಗ್ರಾಫಿಕ್ಸ್ ಕೆಲಸಕ್ಕೂ ಗೇಮಿಂಗ್‌ಗೂ ಕಂಪ್ಯೂಟರ್ ಅಪ್‌ಗ್ರೇಡ್: ಹಾರ್ಡ್‌ವೇರ್ ತಂತ್ರಜ್ಞರೊಂದಿಗೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ಕಂಪ್ಯೂಟರ್ ಜೋಡಣೆ ಮತ್ತು ದುರಸ್ತಿಯನ್ನೇ ವೃತ್ತಿಯಾಗಿಸಿಕೊಂಡಿರುವ ತಂತ್ರಜ್ಞರೊಬ್ಬರು ಇಂದು ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆ ಕೇಳುವವರು ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಹಾಗೂ ಪವರ್ ಸಪ್ಲೈ ವಿವರಗಳನ್ನು ತಪ್ಪದೆ ಬರೆಯಬೇಕಾಗಿ ವಿನಂತಿ.

ಫೋಟೊ ಸಂಪಾದಕಿ: ನಮಸ್ಕಾರ ಸರ್. ಫೋಟೊಶಾಪ್‌ನಲ್ಲಿ ನೂರಾರು ಲೇಯರ್‌ಗಳ ಫೈಲ್ ತೆರೆದರೆ ಕಂಪ್ಯೂಟರ್ ನಿಂತೇ ಹೋದಂತಾಗುತ್ತದೆ. ರ‍್ಯಾಮ್ 16 ಜಿಬಿ ಇದೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕೆಂದಿದ್ದೇನೆ. ತಮ್ಮ ಸಲಹೆ ಏನು?

ತಂತ್ರಜ್ಞರು: ನಮಸ್ಕಾರ ಮೇಡಂ. ಸದ್ಯಕ್ಕೆ ಗ್ರಾಫಿಕ್ಸ್ ಕಾರ್ಡಿನ ಯೋಚನೆ ಬಿಡಿ. ಫೋಟೊಶಾಪ್ ಕೆಲವು ಫಿಲ್ಟರ್‌ಗಳಿಗೆ ಮತ್ತು ಚಿತ್ರವನ್ನು ಹಿಗ್ಗಿಸಿ ಸರಿಸುವುದಕ್ಕೆ ಕಾರ್ಡನ್ನು ಬಳಸಿಕೊಳ್ಳುತ್ತದೆಯಾದರೂ ಲೇಯರ್‌ಗಳ ಭಾರವನ್ನು ಬಹುಮಟ್ಟಿಗೆ ರ‍್ಯಾಮ್ ಮತ್ತು ಪ್ರೊಸೆಸರ್ ಹೊರುತ್ತವೆ. ನಿಧಾನವಾದ ಕ್ಷಣದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಮೆಮೊರಿ ಪೂರ್ತಿ ತುಂಬಿ, ಅದೇ ಹೊತ್ತಿಗೆ ಡಿಸ್ಕ್ ಬಿಡುವಿಲ್ಲದೆ ಓಡುತ್ತಿದ್ದರೆ ಕೊರತೆ ಇರುವುದು ರ‍್ಯಾಮ್‌ನಲ್ಲೇ. 32 ಜಿಬಿಯನ್ನು ಎರಡು 16 ಜಿಬಿ ಸ್ಟಿಕ್‌ಗಳ ಒಂದೇ ಕಿಟ್ ಆಗಿ ಕೊಳ್ಳಿ. ಹಾಕಿದ ಮೇಲೆ ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಎಕ್ಸ್‌ಎಂಪಿ ಎಂಬ ಮೆಮೊರಿ ವೇಗದ ಆಯ್ಕೆಯನ್ನು ಆನ್ ಮಾಡಿ, ಇಲ್ಲದಿದ್ದರೆ ಡಬ್ಬದ ಮೇಲೆ ಬರೆದ ವೇಗ ನಿಮಗೆ ಸಿಗುವುದಿಲ್ಲ.

ಗೇಮಿಂಗ್ ಆಸಕ್ತ: ಬರೀ ಆಟಗಳಿಗೆ 16 ಜಿಬಿ ರ‍್ಯಾಮ್ ಸಾಕೇ, 32 ಬೇಕೇ?

ತಂತ್ರಜ್ಞರು: ಹೆಚ್ಚಿನ ಆಟಗಳಿಗೆ 16 ಸಾಕು. ಆಟದ ಜೊತೆಗೆ ಬ್ರೌಸರ್, ರೆಕಾರ್ಡಿಂಗ್ ಮುಂತಾದವನ್ನೂ ತೆರೆದಿಟ್ಟುಕೊಳ್ಳುವವರಿಗೆ 32 ಒಳ್ಳೆಯದು.

ಬ್ಲೆಂಡರ್ ವಿದ್ಯಾರ್ಥಿ: ಸರ್, ಹಳೆಯ 6 ಜಿಬಿ ಕಾರ್ಡ್ ತೆಗೆದು, ಬೇರೊಬ್ಬರು ಬಳಸಿದ್ದ ಆರ್‌ಟಿಎಕ್ಸ್ 3080 ಕೊಂಡು ಹಾಕಿದ್ದೇನೆ. ಆಟಗಳನ್ನು ಸೆಕೆಂಡಿಗೆ 60 ಫ್ರೇಮ್‌ಗೆ ಮಿತಿಗೊಳಿಸಿ ಆಡುವಾಗ ಯಾವ ತೊಂದರೆಯೂ ಇಲ್ಲ. ಆದರೆ 3ಡಿ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ರೆಂಡರ್‌ಗೆ (ದೃಶ್ಯವನ್ನು ಅಂತಿಮ ಚಿತ್ರವಾಗಿಸಲು) ಇಟ್ಟು ಸ್ವಲ್ಪ ಹೊತ್ತಾಗುವಷ್ಟರಲ್ಲಿ ಕಂಪ್ಯೂಟರ್ ಥಟ್ಟನೆ ಆಫ್ ಆಗುತ್ತದೆ. ಕೆಲವೊಮ್ಮೆ ಪ್ರಾಜೆಕ್ಟ್ ಫೈಲ್‌ಗಳಿರುವ ಹಾರ್ಡ್ ಡಿಸ್ಕ್ ಕಾಣೆಯಾಗಿ, ರೀಸ್ಟಾರ್ಟ್ ಮಾಡಿದ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತದೆ. ಪವರ್ ಸಪ್ಲೈ 550 ವ್ಯಾಟ್‌ನದು. ಅದರಲ್ಲಿ 8 ಪಿನ್ ಕೇಬಲ್ ಒಂದೇ ಇದ್ದುದರಿಂದ, ಕಾರ್ಡಿನ ಎರಡನೆಯ ಸಾಕೆಟ್‌ಗೆ ಸಾಟಾ ಪವರ್ ಕೇಬಲ್‌ನಿಂದ ಅಡಾಪ್ಟರ್ ಹಾಕಿದ್ದೇನೆ. ಪ್ರೊಸೆಸರ್ ಬದಲಿಸಿದರೆ ಸರಿಹೋಗುತ್ತದೆಯೇ?

ತಂತ್ರಜ್ಞರು: ಪ್ರೊಸೆಸರ್ ವಿಷಯ ಆಮೇಲೆ ನೋಡೋಣ. ಇದನ್ನು ಓದಿದ ಕೂಡಲೇ ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಆ ಅಡಾಪ್ಟರನ್ನು ತೆಗೆದುಹಾಕಿ. ಮತ್ತೆ ಅದನ್ನು ಹಾಕಬೇಡಿ. ಇಲ್ಲಿ ಹಾಳಾಗುವುದು ಕಾರ್ಡ್ ಮಾತ್ರವಲ್ಲ, ಬೆಂಕಿ ಹೊತ್ತಿಕೊಳ್ಳುವ ಸಾಧ್ಯತೆಯೂ ಇದೆ.

ಕಾರಣವನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಆರ್‌ಟಿಎಕ್ಸ್ 3080 ಕಾರ್ಡಿನ ವಿದ್ಯುತ್ ಅಗತ್ಯ 320 ವ್ಯಾಟ್. ಮದರ್‌ಬೋರ್ಡಿನ ಸ್ಲಾಟ್ ಹೆಚ್ಚೆಂದರೆ 75 ವ್ಯಾಟ್ ಕೊಡಬಹುದು, ಒಂದು 8 ಪಿನ್ ಕನೆಕ್ಟರ್‌ನ ನಿಗದಿತ ಮಿತಿ 150 ವ್ಯಾಟ್. ಎರಡೂ ಸೇರಿ 225 ಆಯಿತು. ಉಳಿದ 95 ವ್ಯಾಟ್ ನಿಮ್ಮ ಅಡಾಪ್ಟರ್ ಮೂಲಕವೇ ಬರಬೇಕು. ಸಾಟಾ ಪವರ್ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆಂದು ಇರುವುದು ಮೂರೇ ಪಿನ್, ಒಂದೊಂದರ ಮಿತಿ 1.5 ಆ್ಯಂಪಿಯರ್, ಅಂದರೆ ಒಟ್ಟು 4.5 ಆ್ಯಂಪಿಯರ್, 54 ವ್ಯಾಟ್. ಡಿಸ್ಕ್ ಓಡಿಸಲೆಂದು ಮಾಡಿದ ಆ ಸಣ್ಣ ಪಿನ್‌ಗಳಲ್ಲಿ ನೀವು ಸುಮಾರು 8 ಆ್ಯಂಪಿಯರ್ ಹರಿಸುತ್ತಿದ್ದೀರಿ. ಕಾರ್ಡ್ ಸ್ಲಾಟಿನಿಂದ ಪೂರ್ತಿ 75 ವ್ಯಾಟ್ ಎಳೆಯದಿದ್ದರೆ ಅಡಾಪ್ಟರ್ ಮೇಲಿನ ಹೊರೆ ಇನ್ನೂ ಏರಬಹುದು. ಬಿಸಿಯಾದ ಪಿನ್ ಸಡಿಲಗೊಳ್ಳುತ್ತದೆ, ಸಡಿಲವಾದ ಪಿನ್ ಇನ್ನಷ್ಟು ಬಿಸಿಯಾಗುತ್ತದೆ, ಕೊನೆಗೆ ಸುತ್ತಲಿನ ಪ್ಲಾಸ್ಟಿಕ್ ಕರಗುತ್ತದೆ.

ಡಿಸ್ಕ್ ಕಾಣೆಯಾಗುವುದನ್ನು ನೀವು ಬರೆದಿರುವುದು ತುಂಬ ಒಳ್ಳೆಯದಾಯಿತು. ಅದೇ ಸಾಟಾ ಕೇಬಲ್‌ನ ಇನ್ನೊಂದು ಕವಲಿನಲ್ಲಿ ನಿಮ್ಮ ಹಾರ್ಡ್ ಡಿಸ್ಕ್ ಇರಬೇಕು ಎಂಬುದು ನನ್ನ ಅನುಮಾನ. ಕಾರ್ಡ್ ವಿದ್ಯುತ್ ಎಳೆದಾಗ ಆ ಕೇಬಲ್‌ನ ವೋಲ್ಟೇಜ್ ಕುಸಿದು ಡಿಸ್ಕ್ ನಿಲ್ಲುತ್ತಿದೆ. ಆಟ ಸುಗಮವಾಗಿ ನಡೆಯುವುದಕ್ಕೂ ಕಾರಣವಿದೆ: 60 ಫ್ರೇಮ್ ಮಿತಿಯಲ್ಲಿ ಕಾರ್ಡ್ ಪ್ರತಿ ಫ್ರೇಮ್ ಮುಗಿಸಿ ಒಂದಿಷ್ಟು ವಿಶ್ರಮಿಸುತ್ತದೆ, ರೆಂಡರ್‌ನಲ್ಲಿ ಆ ಬಿಡುವೇ ಇಲ್ಲ. ಅಡಾಪ್ಟರ್‌ನ ತುದಿಗಳು ಕಂದು ಬಣ್ಣಕ್ಕೆ ತಿರುಗಿವೆಯೇ, ಸುಟ್ಟ ವಾಸನೆ ಇದೆಯೇ, ಡಿಸ್ಕ್ ಯಾವ ಕೇಬಲ್‌ನಲ್ಲಿದೆ ಎಂಬುದನ್ನು ನೋಡಿ ತಿಳಿಸಿ. ಅಲ್ಲಿಯವರೆಗೆ ಕೆಲಸಕ್ಕೆ ಹಳೆಯ ಕಾರ್ಡನ್ನೇ ಹಾಕಿಕೊಳ್ಳಿ.

ಗೇಮಿಂಗ್ ಆಸಕ್ತ: ಕಾರ್ಡಿಗೆ 320, ಪ್ರೊಸೆಸರ್‌ಗೆ 100 ಎಂದುಕೊಂಡರೂ 550 ವ್ಯಾಟ್ ಧಾರಾಳವಾಯಿತಲ್ಲ? ಸುಮ್ಮನೆ ಹೆದರಿಸುತ್ತಿದ್ದೀರಿ ಅನಿಸುತ್ತದೆ.

ತಂತ್ರಜ್ಞರು: ನಾನು ಬರೆದದ್ದು ಕನೆಕ್ಟರ್ ಮಿತಿಯ ಬಗ್ಗೆ, ಒಟ್ಟು ವ್ಯಾಟ್ ಬಗ್ಗೆ ಅಲ್ಲ. ಸಾವಿರ ವ್ಯಾಟ್‌ನ ಪವರ್ ಸಪ್ಲೈ ಇದ್ದರೂ ಆ ಅಡಾಪ್ಟರ್ ಕರಗುತ್ತದೆ. ಇನ್ನು ಒಟ್ಟು ವ್ಯಾಟ್ ಮಾತಿಗೆ ಬಂದರೆ, ಇಂಥ ಕಾರ್ಡ್‌ಗಳು ಕೆಲವೇ ಮಿಲಿಸೆಕೆಂಡ್‌ಗಳ ಕಾಲ ಸರಾಸರಿಗಿಂತ ಬಹಳ ಹೆಚ್ಚು ವಿದ್ಯುತ್ ಎಳೆಯುತ್ತವೆ. ಅದಕ್ಕಾಗಿಯೇ ಪವರ್ ಸಪ್ಲೈಗಳ 2022ರ ಎಟಿಎಕ್ಸ್ 3.0 ಮಾನದಂಡದಲ್ಲಿ ಇಂಥ ಏರಿಕೆಗಳನ್ನು ತಾಳಿಕೊಳ್ಳುವ ನಿಯಮ ಸೇರಿತು, ಮತ್ತು ಈ ಕಾರ್ಡಿಗೆ ತಯಾರಕರು ಶಿಫಾರಸು ಮಾಡಿರುವುದು 750 ವ್ಯಾಟ್.

ಹಿರಿಯ ಸದಸ್ಯ: ರೆಂಡರ್ ವೇಳೆ ಆಫ್ ಆಗುವ ಕಾರ್ಡಿಗೆ ವಾಟ್ಸಾಪ್‌ನಲ್ಲಿ ಬಂದ ಪರಿಹಾರವೊಂದಿದೆ. ಕಾರ್ಡನ್ನು ಬಿಚ್ಚಿ 200 ಡಿಗ್ರಿ ಓವನ್‌ನಲ್ಲಿ ಹತ್ತು ನಿಮಿಷ ಇಟ್ಟರೆ ಬೆಸುಗೆ ಕರಗಿ ಕೂಡಿಕೊಳ್ಳುತ್ತದೆಯಂತೆ. ಬೇಕಾದವರು ಪ್ರಯತ್ನಿಸಬಹುದು.

ತಂತ್ರಜ್ಞರು: ದಯವಿಟ್ಟು ಯಾರೂ ಪ್ರಯತ್ನಿಸಬಾರದು. ಇಂದಿನ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿರುವ ಸೀಸರಹಿತ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು. 200 ಡಿಗ್ರಿಯಲ್ಲಿ ಬೆಸುಗೆ ಕರಗುವುದಿಲ್ಲ, ಆದರೆ ಪ್ಲಾಸ್ಟಿಕ್ ಕನೆಕ್ಟರ್‌ಗಳು ಮತ್ತು ಕೆಪಾಸಿಟರ್‌ಗಳು ಹಾಳಾಗುತ್ತವೆ. ಅಡುಗೆ ಮಾಡುವ ಓವನ್‌ನಲ್ಲಿ ಸರ್ಕ್ಯೂಟ್ ಬೋರ್ಡ್ ಕಾಯಿಸಿದರೆ ಏಳುವ ಹೊಗೆ ಆರೋಗ್ಯಕ್ಕೆ ಅಪಾಯಕಾರಿ. ಮೇಲಾಗಿ ಆ ವಿದ್ಯಾರ್ಥಿಯ ಕಾರ್ಡಿನಲ್ಲಿ ದೋಷವಿದೆ ಎಂದು ಯಾರೂ ಹೇಳಿಲ್ಲ.

ವಿಡಿಯೊ ಸಂಪಾದಕ: ನಮ್ಮ ಗುಂಪಿನಲ್ಲಿ ಇನ್ನೊಂದು ಫಾರ್ವರ್ಡ್ ಓಡಾಡುತ್ತಿದೆ. ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಎಂಬ ಸೆಟ್ಟಿಂಗ್ ತೆರೆದು ಪ್ರೊಸೆಸರ್‌ಗಳ ಸಂಖ್ಯೆಯನ್ನು ಗರಿಷ್ಠಕ್ಕೆ ಇಟ್ಟರೆ ವೇಗ ದುಪ್ಪಟ್ಟಾಗುತ್ತದೆ ಎಂದು. ನಿಜವೇ?

ತಂತ್ರಜ್ಞರು: ಸುಳ್ಳು. ಆ ಆಯ್ಕೆ ಇರುವುದು ಪರೀಕ್ಷೆಗಾಗಿ ಕೋರ್‌ಗಳನ್ನು (ಪ್ರೊಸೆಸರ್ ಒಳಗಿನ ಘಟಕಗಳನ್ನು) ಕಡಿಮೆ ಮಾಡಲಿಕ್ಕೆ. ಅದನ್ನು ಮುಟ್ಟದಿದ್ದರೂ ವಿಂಡೋಸ್ ಎಲ್ಲ ಕೋರ್‌ಗಳನ್ನೂ ಬಳಸುತ್ತದೆ. ಪಕ್ಕದಲ್ಲಿರುವ ಮೆಮೊರಿ ಮಿತಿಯ ಪೆಟ್ಟಿಗೆಯಲ್ಲಿ ತಪ್ಪು ಅಂಕಿ ಹಾಕಿ, ಕಂಪ್ಯೂಟರ್ ತೆರೆಯದೆ ನನ್ನ ಬಳಿಗೆ ಹೊತ್ತು ತರುವವರಿದ್ದಾರೆ.

ಲ್ಯಾಪ್‌ಟಾಪ್ ಬಳಕೆದಾರ: ಲ್ಯಾಪ್‌ಟಾಪಿಗೆ ಹೊರಗಿನಿಂದ ಗ್ರಾಫಿಕ್ಸ್ ಕಾರ್ಡ್ ಜೋಡಿಸಬಹುದೇ, ಸರ್?

ಅನಿಮೇಟರ್: ಬ್ಲೆಂಡರ್‌ಗಾಗಿ 16 ಜಿಬಿಯ ಎಎಂಡಿ ಕಾರ್ಡ್ ಒಳ್ಳೆಯದೋ, 12 ಜಿಬಿಯ ಎನ್‌ವಿಡಿಯಾ ಕಾರ್ಡೋ?

ಗೇಮಿಂಗ್ ಆಸಕ್ತ: ಕಣ್ಣು ಮುಚ್ಚಿ ಎಎಂಡಿ ಕೊಳ್ಳಿ. ಎನ್‌ವಿಡಿಯಾ ಕೊಳ್ಳುವವರು ಹೆಸರಿಗೆ ಹಣ ಸುರಿಯುತ್ತಾರೆ, ಅಷ್ಟೇ.

ವಿಡಿಯೊ ಸಂಪಾದಕ: ರೆಂಡರ್ ಮಾಡಿ ಗೊತ್ತಿಲ್ಲದವರು ರೆಂಡರ್ ಬಗ್ಗೆ ತೀರ್ಪು ಕೊಡಬಾರದು. ಬ್ಲೆಂಡರ್‌ನಲ್ಲಿ ಎಎಂಡಿ ಕಾರ್ಡ್ ಕೆಲಸವನ್ನೇ ಮಾಡುವುದಿಲ್ಲ.

ಗೇಮಿಂಗ್ ಆಸಕ್ತ: ನಾನು ಆಡುವ ಆಟಗಳಲ್ಲಿ ಫ್ರೇಮ್ ಎಣಿಸಿಯೇ ಹೇಳುತ್ತಿದ್ದೇನೆ. ನಿಮ್ಮ ಮಾಹಿತಿ ಹಳೆಯದು.

ವಿಡಿಯೊ ಸಂಪಾದಕ: ಅವರು ಕೇಳಿದ್ದು ಆಟದ ಬಗ್ಗೆ ಅಲ್ಲ. ಪ್ರಶ್ನೆಯನ್ನಾದರೂ ಪೂರ್ತಿ ಓದುವ ಸೌಜನ್ಯ ಇರಲಿ.

ಹಿರಿಯ ಸದಸ್ಯ: ಜಗಳವೇಕೆ? ಎರಡು 8 ಜಿಬಿ ಕಾರ್ಡ್ ಹಾಕಿದರೆ 16 ಜಿಬಿ ಆಗುತ್ತದೆ, ಖರ್ಚೂ ಉಳಿಯುತ್ತದೆ.

ತಂತ್ರಜ್ಞರು: ಆಗುವುದಿಲ್ಲ. ಸಾಮಾನ್ಯವಾಗಿ ರೆಂಡರ್ ದೃಶ್ಯದ ಪೂರ್ತಿ ಪ್ರತಿ ಎರಡೂ ಕಾರ್ಡ್‌ಗಳಲ್ಲಿ ಇರಬೇಕು, ಆದ್ದರಿಂದ ನಿಮಗೆ ದಕ್ಕುವುದು 8 ಜಿಬಿ ಮಾತ್ರ. ಉಳಿದಿಬ್ಬರ ಮಾತೂ ಅರ್ಧ ಸತ್ಯ. ಬ್ಲೆಂಡರ್‌ನ ರೆಂಡರ್ ಎಂಜಿನ್ ಆದ ಸೈಕಲ್ಸ್ 2021ರ 3.0 ಆವೃತ್ತಿಯಿಂದ ಎಎಂಡಿಯ ಹಿಪ್ ತಂತ್ರಾಂಶದ ಮೂಲಕ ಎಎಂಡಿ ಕಾರ್ಡ್‌ಗಳಲ್ಲಿ ನಡೆಯುತ್ತಿದೆ. ಆದರೆ ಎನ್‌ವಿಡಿಯಾದ ಇಂಥದೇ ತಂತ್ರಾಂಶ ಆಪ್ಟಿಕ್ಸ್ ಬ್ಲೆಂಡರ್‌ನಲ್ಲಿ 2019ರ 2.81 ಆವೃತ್ತಿಯಿಂದಲೇ ಇದ್ದು, ಕಾರ್ಡಿನ ರೇ ಟ್ರೇಸಿಂಗ್ (ಬೆಳಕಿನ ದಾರಿ ಲೆಕ್ಕ ಹಾಕುವ) ಭಾಗಗಳನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಎನ್‌ವಿಡಿಯಾದ ಕೂಡಾ (CUDA) ವ್ಯವಸ್ಥೆ ಇಲ್ಲದೆ ಓಡದ ಬೇರೆ ತಂತ್ರಾಂಶಗಳೂ ಇವೆ. ಅನಿಮೇಟರ್ ಅವರೇ, ನಿಮ್ಮ ಅತಿ ದೊಡ್ಡ ದೃಶ್ಯ 12 ಜಿಬಿಯೊಳಗೆ ಹಿಡಿಸುವುದಾದರೆ ಎನ್‌ವಿಡಿಯಾ ಕೊಳ್ಳಿ. ಹಿಡಿಸದಿದ್ದರೆ ಆ ವೇಗದಿಂದ ಹೆಚ್ಚು ಪ್ರಯೋಜನವಿಲ್ಲ, ಮೆಮೊರಿ ಹೆಚ್ಚಿರುವ ಕಾರ್ಡನ್ನೇ ನೋಡಿ.

ಹೊಸ ಸದಸ್ಯ: ಸರ್, ಗೇಮಿಂಗ್‌ಗೆ ರ‍್ಯಾಮ್ 16 ಸಾಕೇ, 32 ಬೇಕೇ?

ತಂತ್ರಜ್ಞರು: ಮೇಲೆ ಉತ್ತರಿಸಿದ್ದೇನೆ.

ಇನ್ನೊಬ್ಬ ಸದಸ್ಯ: ರೈಜನ್ 5 2600, ಬಿ450 ಬೋರ್ಡ್ ಇದೆ. ಬೋರ್ಡ್ ಬದಲಿಸದೆ ಗೇಮಿಂಗ್‌ಗೆ ಯಾವ ಪ್ರೊಸೆಸರ್ ಹಾಕಬಹುದು? 32 ಜಿಬಿ ಡಿಡಿಆರ್5 ರ‍್ಯಾಮನ್ನೂ ಹಾಕಬೇಕೆಂದಿದ್ದೇನೆ.

ತಂತ್ರಜ್ಞರು: ಡಿಡಿಆರ್5 ಆ ಬೋರ್ಡಿನ ಸ್ಲಾಟ್‌ಗೆ ಕೂರುವುದೇ ಇಲ್ಲ. 5800ಎಕ್ಸ್3ಡಿ ಅಥವಾ 5700ಎಕ್ಸ್3ಡಿ ಸಿಕ್ಕರೆ ಹಾಕಿ, ಅವುಗಳ 96 ಎಂಬಿ ಎಲ್3 ಕ್ಯಾಶ್‌ನಿಂದ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿಯಿಂದ) ಅನೇಕ ಆಟಗಳಿಗೆ ಒಳ್ಳೆಯ ಲಾಭವಿದೆ. ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ. ತೆಗೆದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಮತ್ತೊಬ್ಬ ಸದಸ್ಯ: 32 ಜಿಬಿ ರ‍್ಯಾಮ್ ಹಾಕಿದರೆ ಫ್ರೇಮ್ ಹೆಚ್ಚುತ್ತದೆಯೇ?

ತಂತ್ರಜ್ಞರು: ರ‍್ಯಾಮ್ ಬಗ್ಗೆ ಇನ್ನು ಉತ್ತರಿಸುವುದಿಲ್ಲ. ದಯವಿಟ್ಟು ಮೇಲಿನದನ್ನು ಓದಿ.

ಲ್ಯಾಪ್‌ಟಾಪ್ ಬಳಕೆದಾರ: ನನ್ನ ಪ್ರಶ್ನೆ ಯಾರ ಕಣ್ಣಿಗೂ ಬಿದ್ದಿಲ್ಲವೆಂದು ಕಾಣುತ್ತದೆ.

ಬ್ಲೆಂಡರ್ ವಿದ್ಯಾರ್ಥಿ: ಸರ್, ಬಿಚ್ಚಿ ನೋಡಿದೆ. ಅಡಾಪ್ಟರ್‌ನ ಒಂದು ಬದಿ ಕಂದಾಗಿ ಉಬ್ಬಿದೆ, ವಾಸನೆಯೂ ಇದೆ. ನೀವು ಹೇಳಿದಂತೆ ಡಿಸ್ಕ್ ಅದೇ ಕೇಬಲ್‌ನಲ್ಲಿತ್ತು. ಹಳೆಯ ಕಾರ್ಡ್ ಹಾಕಿದ್ದೇನೆ. 750 ವ್ಯಾಟ್‌ನ ಹೊಸ ಪವರ್ ಸಪ್ಲೈ ತಂದರೆ, ಒಳಗೆ ಅಚ್ಚುಕಟ್ಟಾಗಿ ಕಟ್ಟಿರುವ ಹಳೆಯ ಕೇಬಲ್‌ಗಳನ್ನೇ ಅದಕ್ಕೆ ಸಿಕ್ಕಿಸಬಹುದೇ? ತುದಿಗಳು ಒಂದೇ ರೀತಿ ಕಾಣುತ್ತವೆ.

ತಂತ್ರಜ್ಞರು: ಸಿಕ್ಕಿಸಬೇಡಿ, ಒಂದನ್ನೂ ಉಳಿಸಿಕೊಳ್ಳಬೇಡಿ. ಪವರ್ ಸಪ್ಲೈ ಬದಿಯ ತುದಿಯಲ್ಲಿ ಯಾವ ಪಿನ್‌ನಲ್ಲಿ ಯಾವ ವೋಲ್ಟೇಜ್ ಇರಬೇಕೆಂಬುದಕ್ಕೆ ಸಾಮಾನ್ಯ ಮಾನದಂಡವಿಲ್ಲ. ಒಂದೇ ತಯಾರಕರ ಎರಡು ಮಾದರಿಗಳಲ್ಲೂ ಅದು ಬೇರೆಯಾಗಿರಬಹುದು. ಸರಿಯಾಗಿ ಕೂತ ಹಳೆಯ ಕೇಬಲ್ 5 ವೋಲ್ಟ್ ಬೇಕಾದಲ್ಲಿಗೆ 12 ವೋಲ್ಟ್ ಕಳಿಸಿದರೆ ನಿಮ್ಮ ಪ್ರಾಜೆಕ್ಟ್‌ಗಳಿರುವ ಡಿಸ್ಕ್ ಆ ಕ್ಷಣವೇ ಸುಡುತ್ತದೆ. ಮೊದಲು ಆ ಡಿಸ್ಕಿನಲ್ಲಿರುವುದನ್ನೆಲ್ಲ ಬೇರೆಡೆಗೆ ನಕಲು ಮಾಡಿ, ಈಗಾಗಲೇ ಎಷ್ಟೋ ಸಲ ವಿದ್ಯುತ್ ಕಡಿದು ಅದು ನೊಂದಿದೆ. ಹೊಸ ಪೆಟ್ಟಿಗೆಯಲ್ಲಿ ಬಂದ ಕೇಬಲ್‌ಗಳನ್ನೇ ಬಳಸಿ, ಕಾರ್ಡಿನ ಎರಡು ಸಾಕೆಟ್‌ಗಳಿಗೆ ಪವರ್ ಸಪ್ಲೈನಿಂದ ಎರಡು ಪ್ರತ್ಯೇಕ ಕೇಬಲ್‌ಗಳನ್ನು ಎಳೆಯಿರಿ. ಒಂದೇ ಕೇಬಲ್‌ನ ಎರಡು ಕವಲುಗಳನ್ನು ಹಾಕಬೇಡಿ. ಮೊದಲ ರೆಂಡರ್ ಮಾಡುವಾಗ ಹತ್ತಿರದಲ್ಲೇ ಇದ್ದು, ಮುಗಿದ ಮೇಲೆ ಕಂಪ್ಯೂಟರ್ ಆಫ್ ಮಾಡಿ ಪ್ಲಗ್ ತೆಗೆದು ಕನೆಕ್ಟರ್‌ಗಳನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಬೆರಳಿಡಲಾಗದಷ್ಟು ಬಿಸಿಯಿದ್ದರೆ ಮತ್ತೆ ಆನ್ ಮಾಡದೆ ನನಗೆ ಬರೆಯಿರಿ.